ಎವರಿಸ್ತೊ ತಿಕ್ಕಿದ ನೆಲ

ಎವರಿಸ್ತೊನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುವುದು ವಾಸಿ. ಅವನಿಗೆ ಜಂಬವಿತ್ತು. ಬಟ್ಟೆಬರೆಯದಲ್ಲ, ವಾಹನದ್ದಂತೂ ಅಲ್ಲವೇ ಅಲ್ಲ. ಅವನ ವ್ಯಾನಿನ ಹಿಂಬಾಗಿಲನ್ನು ಹಗ್ಗ ಬಿಗಿದು ನಿಲ್ಲಿಸಿದ್ದ. ಜಂಬವೆಲ್ಲ ನೆಲದ್ದು. ಹ್ಯೂಸ್ಟನ್ನಿನ ನಮ್ಮ ಬೀದಿಗಳಲ್ಲಿ ಯಾರು ಕಾಫಿಗೆ ಕರೆದರೂ ಅವನು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಕಾಲ ಕೆಳಗಿನದನ್ನು. ಟೈಲ್ಸ್ ಇದ್ದರೆ ಬೂಟಿನ ಹಿಮ್ಮಡಿಯಿಂದ ಬಡಿದು ಟೊಳ್ಳು ಎನ್ನುವನು. ಕಾರ್ಪೆಟ್ ಇದ್ದರೆ ಮುಗಿದೇ ಹೋಯಿತು, ಒಂದು ಮೂಲೆಯನ್ನಾದರೂ ಎತ್ತಿ ನೋಡದೆ ಎದ್ದು ಬಂದವನಲ್ಲ. ಇಂಥವನನ್ನು ಯಾರಾದರೂ ಮತ್ತೆ ಕರೆಯುತ್ತಾರೆಯೇ? ಆದರೂ ಕರೆಯುತ್ತಿದ್ದರು, ಯಾಕೆಂದರೆ ಅವನು ಮಾಡಿದ ನೆಲದಂಥ ನೆಲವನ್ನು ಬೇರೆಯವರು ಮಾಡುತ್ತಿರಲಿಲ್ಲ.

ಅವನು ಈ ಕಸುಬಿಗೆ ಬಿದ್ದದ್ದೇ ನೀರಿನಿಂದ. ದೊಡ್ಡ ಚಂಡಮಾರುತ ಬಂದಾಗ ಅವನು ಸರಕಿನ ಲಾರಿಯ ಜೊತೆ ಸ್ಯಾನ್ ಆಂಟೋನಿಯೊಗೆ ಹೋಗಿದ್ದ. ರಸ್ತೆಗಳೆಲ್ಲ ಮುಳುಗಿ ಅಲ್ಲೇ ಸಿಕ್ಕಿಬಿದ್ದ. ತಾಯಿ ಕ್ರಿಸ್ಪಿನಾ ಮನೆಯಲ್ಲಿ ಒಬ್ಬಳೇ. ಹಳ್ಳ ಉಕ್ಕಿ ಬೀದಿಗೆ ಬಂತು, ಬೀದಿಯಿಂದ ಮನೆಯೊಳಗೆ. ಕೊನೆಗೆ ಇವನು ಓಡೋಡಿ ಬಂದಾಗ ಅವಳು ಶಾಲೆಯ ಸಭಾಂಗಣದಲ್ಲಿ ನೂರಾರು ಜನರ ಮಧ್ಯೆ ಕೂತು ಕಥೆ ಹೇಳುತ್ತಿದ್ದಳು. ತಾನು ಅಡುಗೆಮನೆಯ ಕಟ್ಟೆ ಏರಿ ಕೂತದ್ದಂತೆ, ಪಕ್ಕದ ಮನೆಯ ಬೆಕ್ಕು ಈಜಿ ಬಂದು ಮಡಿಲೇರಿದ್ದಂತೆ, ಇಬ್ಬರೂ ಸೇರಿ ಡಬ್ಬಿಯಲ್ಲಿದ್ದ ಸಿಹಿ ಬ್ರೆಡ್ಡನ್ನೆಲ್ಲ ಖಾಲಿ ಮಾಡಿದ್ದಂತೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎವರಿಸ್ತೊನೂ ನಕ್ಕ. ಅವನಿಗೆ ಹೋದ ಜೀವ ಬಂದಂತಾಗಿತ್ತು.

ಆಮೇಲೆ ತಿಂಗಳುಗಟ್ಟಲೆ ಊರಿಗೆ ಊರೇ ಕೊಳೆತ ಕಾರ್ಪೆಟ್ ಕಿತ್ತು ಬೀದಿಗೆ ಒಗೆಯಿತು. ಇವನೂ ಕೂಲಿಗೆ ಹೋಗಿ ಕಿತ್ತ. ಒಂದು ಮನೆಯ ಯಜಮಾನ ಇನ್ನು ಕಾರ್ಪೆಟ್ಟಿನ ಸಹವಾಸವೇ ಬೇಡವೆಂದು, ಅಡಿಯಲ್ಲಿದ್ದ ಕಾಂಕ್ರೀಟನ್ನೇ ತಿಕ್ಕಿಸಲು ಬಾಡಿಗೆಗೆ ಯಂತ್ರ ತಂದಿದ್ದ. ವಜ್ರದ ಪುಡಿ ಕೂರಿಸಿದ ಬಿಲ್ಲೆಗಳು ಗಿರಗಿರನೆ ತಿರುಗಿ ಮೇಲಿನ ಬೂದು ಪದರ ಹೋದದ್ದೇ ತಡ, ಅಡಿಯಿಂದ ಹೊಳೆಗಲ್ಲುಗಳು ಎದ್ದುಬಂದವು. ಕಂದು, ಜೇನುಬಣ್ಣ, ಅಲ್ಲೊಂದು ಇಲ್ಲೊಂದು ಕೆಂಪು. ಎವರಿಸ್ತೊ ಕೈಲಿದ್ದ ಸಲಿಕೆ ಬಿಟ್ಟು ಬಾಯಿ ಬಿಟ್ಟುಕೊಂಡು ನಿಂತ. ಹುಟ್ಟಿದಾಗಿನಿಂದ ಇದರ ಮೇಲೆಯೇ ಓಡಾಡಿದ್ದೇವೆ, ಒಬ್ಬನಿಗಾದರೂ ಗೊತ್ತಿತ್ತೇ? ಅವತ್ತು ಹಿಡಿದ ಹುಚ್ಚು ಬಿಡಲೇ ಇಲ್ಲ. ಒರಟು ಬಿಲ್ಲೆಯಿಂದ ಶುರು ಮಾಡಿ ನಯಕ್ಕೆ, ಇನ್ನೂ ನಯಕ್ಕೆ, ಮಧ್ಯೆ ಕಾಂಕ್ರೀಟ್ ಗಟ್ಟಿಯಾಗಲು ದ್ರಾವಣ ಕುಡಿಸಿ, ಕೊನೆಗೆ ಕನ್ನಡಿಯಾಗುವವರೆಗೆ ತಿಕ್ಕುವುದು. ಬೇರೆಯವರು ಹೊಳಪು ಬಂದೊಡನೆ ಯಂತ್ರ ಆರಿಸುತ್ತಿದ್ದರು. ಇವನು ನೆಲದಲ್ಲಿ ತನ್ನ ರೆಪ್ಪೆ ಕಾಣುವವರೆಗೆ ಬಿಡುತ್ತಿರಲಿಲ್ಲ.

ವಿಚಿತ್ರ ನೋಡಿ, ಊರಿನ ನೆಲವನ್ನೆಲ್ಲ ತಿಕ್ಕಿದವನ ತಾಯಿಯ ಮನೆಯಲ್ಲಿ ಮಾತ್ರ ಕಾರ್ಪೆಟ್ಟೇ ಇತ್ತು. ಪ್ರವಾಹದ ನಂತರ ಚರ್ಚಿನವರು ಪುಕ್ಕಟೆ ಹಾಸಿಕೊಟ್ಟದ್ದು. ಮೆತ್ತಗಿದೆ, ಮುಟ್ಟಬೇಡ ಎಂದಿದ್ದಳು ಮುದುಕಿ. ಅದರ ಅಂಚಿಗೇ ಕಾಲು ತಾಕಿ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಿಂದ ಅವಳನ್ನು ಕರೆದುಕೊಂಡು ಹೋದದ್ದು ಹಿರಿಮಗಳು ಡೆಲ್ಫಿನಾ. ಇಕ್ಕಟ್ಟಿನ ಫ್ಲ್ಯಾಟು, ತಾಯಿಯ ಮಂಚ ಹಾಕಿದ ಮೇಲೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಮುದುಕಿ ಎರಡು ಟೋರ್ಟಿಯಾ ರೊಟ್ಟಿ ತಿನ್ನುವಲ್ಲಿ ಅರ್ಧ ತಿಂದು ತಟ್ಟೆ ಸರಿಸುವಳು, ನಮ್ಮನೆಗೆ ಯಾವಾಗ ಎಂದು ದಿನವೂ ಕೇಳುವಳು, ಕೇಳಿದ್ದನ್ನು ಮರೆತು ಮತ್ತೆ ಕೇಳುವಳು. ಮರೆವು ಆಗಲೇ ಮೆಲ್ಲಗೆ ಒಳಗೆ ಬಂದು ಕೂತಿತ್ತು. ಡೆಲ್ಫಿನಾ ಕೆಟ್ಟವಳಲ್ಲ, ದಣಿದವಳು. ಒಂದು ದಿನ ತಮ್ಮನಿಗೆ ಕಡ್ಡಿ ಮುರಿದಂತೆ ಹೇಳಿದಳು:

"ಅಮಾ ಆ ಮನೇಲಿ ಬಾಗಿಲಿಂದ ಅಡುಗೆಮನೆ ತನಕ ತಾನೇ ನಡೆದು ತೋರಿಸ್ಲಿ, ಅಲ್ಲೇ ಇರ್ಲಿ, ನಂದೇನೂ ತಕರಾರಿಲ್ಲ. ಆಗ್ಲಿಲ್ವಾ, ಮನೆ ಮಾರಿ ವೃದ್ಧಾಶ್ರಮಕ್ಕೆ ಸೇರ್ಸೋದೇ. ಆಮೇಲೆ ನೀನು ಬಾಯಿ ಮಾಡ್ಕೂಡ್ದು."

"ನಡೀತಾಳೆ," ಎಂದ ಎವರಿಸ್ತೊ. "ತೇಲಿದಂಗೆ ನಡೀತಾಳೆ, ನೋಡ್ತಿರು."

ಬಂದ ಕೆಲಸಗಳನ್ನೆಲ್ಲ ಮುಂದೂಡಿ ತಾಯಿಯ ಮನೆಗೆ ಯಂತ್ರ ಇಳಿಸಿದ. ಕಾರ್ಪೆಟ್ ಕಿತ್ತ, ಅಂಚಿನ ಮೊಳೆಪಟ್ಟಿ ಕಿತ್ತ, ಮೊಳೆಯ ತೂತುಗಳನ್ನು ಒಂದೊಂದಾಗಿ ಮೆತ್ತಿದ. ಕೋಣೆಯಿಂದ ಕೋಣೆಗೆ ಕೂದಲೆಳೆಯಷ್ಟೂ ಏರುತಗ್ಗು ಇರಬಾರದು, ವಾಕರಿನ ಚಕ್ರ ಎಲ್ಲೂ ತಡೆಯಬಾರದು. ಅಷ್ಟಕ್ಕೆ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಅಮ್ಮನ ಮನೆಯಲ್ಲವೇ! ಇದ್ದಬದ್ದ ಬಿಲ್ಲೆಗಳನ್ನೆಲ್ಲ ಹಾಕಿ ತಿಕ್ಕಿದ. ಮುಗಿಸಿ ಎದ್ದಾಗ ಕಿಟಕಿ, ಫ್ಯಾನು, ಗೋಡೆಯ ಮೇಲಿನ ದೇವಮಾತೆಯ ಪಟ, ಎಲ್ಲವೂ ನೆಲದೊಳಗೆ ತಲೆಕೆಳಗಾಗಿ ನಿಂತಿದ್ದವು. ಜನ್ಮದಲ್ಲಿ ಇಂಥ ನೆಲ ಮಾಡಿಲ್ಲ ಎಂದು ಅವನಿಗೇ ಅನ್ನಿಸಿತು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಕ್ರಿಸ್ಪಿನಾ ನೀಲಿ ಫ್ರಾಕು ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ವಾಕರ್ ಹಿಡಿದು ಅಂಗಳ ದಾಟಿದಳು, ಯಾರ ಕೈಯನ್ನೂ ಮುಟ್ಟಗೊಡಲಿಲ್ಲ. ಎವರಿಸ್ತೊ ಮದುಮಗನಂತೆ ಬೀಗುತ್ತ ಬಾಗಿಲು ತೆರೆದ.

ಮುದುಕಿ ಹೊಸ್ತಿಲಲ್ಲೇ ನಿಂತಳು. ಮುಖದ ಮೇಲಿದ್ದ ನಗು ಇಳಿದುಹೋಯಿತು.

"ನೀರು," ಎಂದಳು ಮೆಲ್ಲಗೆ.

ಅವನು ನಕ್ಕ. ಒಣ ನೆಲ ಅಮಾ ಎನ್ನುತ್ತ ಒಳಗೆ ಹೋಗಿ, ಕೋಣೆಯ ನಡುವೆ ನಿಂತು ಬೂಟುಗಾಲಿನಿಂದ ಧಡಧಡ ತುಳಿದು ತೋರಿಸಿದ. ಅವನಿಗೆ ಕಂಡದ್ದು ನೆಲ. ಅವಳಿಗೆ ಕಂಡದ್ದು ಮಗ ಮತ್ತು ಅವನ ಕಾಲ ಕೆಳಗೆ, ಆಳದಲ್ಲಿ, ತಲೆಕೆಳಗಾಗಿ ಒದ್ದಾಡುತ್ತಿರುವ ಇನ್ನೊಬ್ಬ ಮಗ.

"ಹೊರಗೆ ಬಾ ಮಗಾ! ಮುಳುಗ್ತಿದ್ದೀಯ!"

ಆ ಕೂಗಿಗೆ ಎದುರುಮನೆಯವರು ಹೊರಗೆ ಬಂದರು. ತನ್ನ ತಾಯಿಗೆ ಇಂಥದೊಂದು ದನಿಯಿದೆ ಎಂದೇ ಎವರಿಸ್ತೊಗೆ ಗೊತ್ತಿರಲಿಲ್ಲ. ನೆಲಕ್ಕೆ ಅಂಗೈ ಒತ್ತಿ ತಂದು ತೋರಿಸಿದ, ಒಣಗಿದೆ ನೋಡು ಎಂದ. ಅವಳು ಅಂಗೈ ನೋಡಲಿಲ್ಲ. ವಾಕರನ್ನು ಎಳೆದುಕೊಂಡು ಹಿಂದಹಿಂದಕ್ಕೆ ಸರಿಯತೊಡಗಿದಳು. ಡೆಲ್ಫಿನಾ ತಾಯಿಯನ್ನು ಅಪ್ಪಿ ಹಿಡಿದು ವ್ಯಾನಿನಲ್ಲಿ ಕೂರಿಸಬೇಕಾಯಿತು. ಇನ್ನೊಂದು ವಾರ ನೋಡುತ್ತೇನೆ, ಆಮೇಲೆ ಆಶ್ರಮದವರ ಹತ್ತಿರ ಮಾತಾಡುತ್ತೇನೆ ಎಂದಳು. ಜಗಳದ ದನಿಯೂ ಇರಲಿಲ್ಲ, ಅಳು ಬಂದಿತ್ತು ಅವಳಿಗೆ.

ವ್ಯಾನಿನಲ್ಲಿ ಮುದುಕಿ ತಾನಾಗಿ ಬಾಯಿ ಬಿಟ್ಟಳು. ಮರೆವಿನವಳ ಮಾತಿನಂತಿರಲಿಲ್ಲ, ಅಷ್ಟು ಸ್ಪಷ್ಟವಾಗಿತ್ತು.

"ಆವತ್ತೂ ಹಿಂಗೇ. ಬೆಳಗಿನ ಜಾವ, ದೀಪ ಉರೀತಿತ್ತು. ಮಂಚದಿಂದ ನೋಡ್ದೆ, ಕೆಳಗೂ ಒಂದು ದೀಪ ಉರೀತಿತ್ತು. ನೆಲ ಎಷ್ಟು ಹೊಳೀತಿದೆ ಅಂದ್ಕೊಂಡು ಕಾಲಿಟ್ಟೆ. ನೆಲ ಸಿಗ್ಲೇ ಇಲ್ಲ."

"ಕಟ್ಟೆ ಮೇಲೆ ಕೂತು ಬ್ರೆಡ್ ತಿಂದೆ ಅಂದಿದ್ದೆಯಲ್ಲ ಅಮಾ?"

"ಅದು ಆಮೇಲೆ. ಮೊದಲು ಬಿದ್ದೆ. ನೀರು ಕುಡಿದೆ. ನಿನ್ನ ಹೆಸರು ಹಿಡಿದು ಕೂಗ್ದೆ, ಕೂಗ್ದೆ, ಗಂಟಲು ಹರಿಯೋ ತನಕ ಕೂಗ್ದೆ."

ಇಷ್ಟು ವರ್ಷ ಆ ಬೆಕ್ಕಿನ ಕಥೆಯನ್ನು ಎವರಿಸ್ತೊನೇ ಊರಿಗೆಲ್ಲ ಹೇಳಿ ನಗಿಸಿದ್ದ. ಅವರಿಬ್ಬರನ್ನು ಫ್ಲ್ಯಾಟಿಗೆ ಬಿಟ್ಟು ತಾಯಿಯ ಮನೆಗೆ ವಾಪಸು ಬಂದಾಗ ಹೊತ್ತು ಮುಳುಗುತ್ತಿತ್ತು. ಬಾಗಿಲು ತೆರೆದು, ಕೈ ಚಾಚಿ ದೀಪ ಹಾಕಿದ. ಕೆಳಗೂ ಒಂದು ದೀಪ ಹತ್ತಿತು. ಅಲುಗಾಟವಿಲ್ಲ, ಸದ್ದಿಲ್ಲ, ಗೋಡೆಯಿಂದ ಗೋಡೆಗೆ ತುಂಬಿ ನಿಂತಿತ್ತು. ತನ್ನ ಕೈಯಿಂದಲೇ ತಿಕ್ಕಿದ ನೆಲ, ಅದರ ಒಂದೊಂದು ಕಲ್ಲೂ ಅವನಿಗೆ ಪರಿಚಿತ. ಆದರೂ, ನಂಬುತ್ತೀರೋ ಇಲ್ಲವೋ, ಹೊಸ್ತಿಲಿಂದ ಕಾಲೆತ್ತಿ ಇಡಲು ಅವನಿಗೆ ಧೈರ್ಯ ಬರಲಿಲ್ಲ. ಅಲ್ಲೇ ಕೂತ. ಇಡೀ ಊರಿನಲ್ಲಿ ಆ ನೀರನ್ನು ಮತ್ತೆ ತಂದು ತಾಯಿಯ ಮನೆಗೆ ತುಂಬಿಸಿದವನು ತಾನೊಬ್ಬನೇ ಎಂದು ಆಗ ಹೊಳೆಯಿತು.

ಮರುದಿನ ಡೆಲ್ಫಿನಾ ಅವನಿಗೆ ತಿನ್ನಲು ಡಬ್ಬಿಯಲ್ಲಿ ಜೋಳದ ತಮಾಲೆ ಕಟ್ಟಿಕೊಂಡು ಬಂದಾಗ ಮನೆಯಲ್ಲಿ ಯಂತ್ರ ಗುಡುಗುತ್ತಿತ್ತು. ಏನು ಮಾಡುತ್ತಿದ್ದಾನೆಂದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಡಬ್ಬಿ ಕೈಯಿಂದ ಜಾರುವುದರಲ್ಲಿತ್ತು. ಅವನು ಒರಟು ಬಿಲ್ಲೆ ಹಾಕಿ ಹೊಳಪನ್ನೆಲ್ಲ ತಿಕ್ಕಿ ತೆಗೆಯುತ್ತಿದ್ದ. ಯಂತ್ರ ಹೋದಲ್ಲೆಲ್ಲ ಫ್ಯಾನು ಅಳಿಯಿತು, ಕಿಟಕಿ ಅಳಿಯಿತು, ದೇವಮಾತೆಯ ಪಟವೂ ಅಳಿಯಿತು.

"ತಲೆ ಕೆಟ್ಟಿದೆಯೇನೋ ನಿಂಗೆ? ಇಂಥ ನೆಲಾನ?"

ಅವನು ಯಂತ್ರವನ್ನು ಇನ್ನೊಂದು ಮೂಲೆಗೆ ತಿರುಗಿಸಿದ. ಮುಖದ ಮೇಲೆ ಬೂದು ಧೂಳು, ಧೂಳಿನಲ್ಲಿ ಕಣ್ಣಿಂದ ಗಲ್ಲದವರೆಗೆ ಎರಡು ಗೆರೆ. ಡೆಲ್ಫಿನಾ ಡಬ್ಬಿ ಇಟ್ಟು, ಧೂಳೆಳೆಯುವ ಪೈಪು ಹಿಡಿದುಕೊಂಡು ತಮ್ಮನ ಹಿಂದೆ ಹಿಂದೆ ನಡೆದಳು.

ಮುಂದಿನ ಭಾನುವಾರ ಮತ್ತೆ ಅದೇ ನೀಲಿ ಫ್ರಾಕು, ಅದೇ ತುಟಿಯ ಬಣ್ಣ. ಈ ಸಲ ಎವರಿಸ್ತೊ ಬಾಗಿಲು ತೆರೆದು ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತ. ಒಳಗಿನ ನೆಲ ಬೂದಿ ಬಣ್ಣಕ್ಕೆ ಮಂಕಾಗಿ, ಮಳೆ ಕಾಣದ ಅಂಗಳದಂತೆ ಬಿದ್ದಿತ್ತು. ಒಂದೇ ಒಂದು ನೆರಳೂ ಅದರೊಳಗೆ ಇರಲಿಲ್ಲ.

ಕ್ರಿಸ್ಪಿನಾ ನೋಡಿದಳು. ವಾಕರಿನ ಚಕ್ರ ಮುಂದಿಟ್ಟಳು, ಹಿಂದೆ ತೆಗೆದಳು, ಮತ್ತೆ ಇಟ್ಟಳು. ಆಮೇಲೆ ಕಾಲು. ಗಟ್ಟಿಯಿತ್ತು. ಇನ್ನೊಂದು ಕಾಲು. ಯಾರ ಕಡೆಗೂ ತಿರುಗದೆ, ಪಟದ ಮುಂದೆ ನಿಂತು ಶಿಲುಬೆಯ ಗುರುತು ಹಾಕಿಕೊಂಡು, ಮೇಜು ಬಳಸಿ ನೆಟ್ಟಗೆ ಅಡುಗೆಮನೆಗೆ ಹೋಗಿ ಆ ಕಟ್ಟೆಯ ಮೇಲೆ ಕೈ ಊರಿದಳು. ಡೆಲ್ಫಿನಾ ಬಾಯಿಗೆ ಅಂಗೈ ಅಡ್ಡ ಹಿಡಿದಳು.

ಮುದುಕಿ ನೆಲವನ್ನು ಮೂಲೆಯಿಂದ ಮೂಲೆಗೆ ಕಣ್ಣಾಡಿಸಿ ನೋಡಿ ಮಗನ ಕಡೆ ತಿರುಗಿದಳು. ಹೋದ ಭಾನುವಾರದ್ದು ಒಂದಿಷ್ಟೂ ಅವಳ ಮುಖದ ಮೇಲೆ ಉಳಿದಿರಲಿಲ್ಲ.

"ಊರೋರ ಮನೇನೆಲ್ಲ ಫಳಫಳ ಅನ್ನಿಸ್ತೀಯ," ಎಂದಳು. "ಹೆತ್ತ ತಾಯಿ ನೆಲ ನೋಡು, ಹೆಂಗಿದೆ. ಒಂದು ಸಲ ಪಾಲಿಶ್ ಮಾಡೋಕೆ ಆಗ್ಲಿಲ್ವೇನೋ ನಿಂಗೆ?"

ಎವರಿಸ್ತೊ ಅಕ್ಕನನ್ನು ನೋಡಿದ, ನೆಲವನ್ನು ನೋಡಿದ.

"ಪುರುಸೊತ್ತು ಸಿಗ್ಲಿಲ್ಲ ಅಮಾ," ಎಂದ.