ಬಸ್ಸು ಬರುವವರೆಗೆ

ಬೆಳ್ಳಾರೆ ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚೇ ನಮ್ಮೂರಿನ ಹಾಸ್ಯಗಾರರೊಬ್ಬರ ಸ್ಟುಡಿಯೋ. ರಾಜಕಾರಣಿಗಳನ್ನು ಅಲ್ಲಿ ಕೂರಿಸಿ, ತಮಾಷೆಯಾಗಿ ಪ್ರಶ್ನೆ ಕೇಳಿ ಯೂಟ್ಯೂಬಿಗೆ ಹಾಕುತ್ತಿದ್ದರು. ಮೊಬೈಲ್ ಹಿಡಿಯುವ ಕೆಲಸ ನನ್ನದು. ಯಾವ ಪಕ್ಷದವರೇ ಬರಲಿ, ಹೆಗಲ ಬೈರಾಸಿನಿಂದ ಬೆಂಚು ಒರೆಸಿ, "ಕೂತ್ಕೊಳ್ಳಿ, ಬಸ್ಸು ಬರುವವರೆಗೆ ಮಾತಾಡುವ" ಎನ್ನುತ್ತಿದ್ದರು. ಮೊದಲೇ ಗೊತ್ತುಮಾಡಿದ ಬಸ್ಸು ಬಂತೆಂದರೆ ಸಂದರ್ಶನ ಮುಗಿಯಿತು.

ಒಮ್ಮೆ ಬಂದ ನಾಯಕರು, ಕೊಲ್ಲಮೊಗ್ರು ಹಳ್ಳಿಗೆ ಸಂಜೆಯ ಬಸ್ಸು ಹಾಕಿಸಿದ್ದು ತಾನೇ ಎಂದು ಹಿಂದಿನ ದಿನವಷ್ಟೇ ಭಾಷಣ ಮಾಡಿದ್ದವರು.

"ಹಾಗಾದ್ರೆ ಇವತ್ತು ಅದೇ ಬಸ್ಸು" ಎಂದರು ನಮ್ಮ ಹಾಸ್ಯಗಾರರು.

ಐದೂವರೆಯ ಬಸ್ಸು ಆರೂವರೆಯಾದರೂ ಬರಲಿಲ್ಲ. ಪ್ರಶ್ನೆಗಳೆಲ್ಲ ಮುಗಿದವು. ನಾಯಕರ ಹಿಂಬಾಲಕರು ಗುರಾಯಿಸತೊಡಗಿದರು. ಇವರು ಮಾತ್ರ ನೆಲಕಡಲೆಯ ಪೊಟ್ಟಣವನ್ನು ನಾಯಕರತ್ತ ಚಾಚಿ ರಸ್ತೆ ನೋಡುತ್ತಿದ್ದರು.

ಕೊನೆಗೆ ನಾಯಕರೇ ಹೇಳಿದರು: "ಬಸ್ಸು ಇನ್ನೂ ಸುರು ಆಗ್ಲಿಲ್ಲ ಮಾರಾಯ್ರೆ. ನಾನು ಹೇಳಿದ್ದು ಸ್ವಲ್ಪ ಹೆಚ್ಚಾಯ್ತು."

ಆ ಒಂದು ಮಾತಿನ ತುಣುಕನ್ನಷ್ಟೇ ಯೂಟ್ಯೂಬಿಗೆ ಹಾಕೋಣ ಎಂದೆ ನಾನು.

"ಬೇಡ. ಒಂದು ಗಂಟೆ ಎದ್ದು ಹೋಗದೆ ಕೂತಿದ್ದಾರಲ್ಲ, ಅದೂ ಇರ್ಲಿ" ಎಂದು ಇಡೀ ವಿಡಿಯೋ ಹಾಕಿಸಿದರು. ಅದನ್ನು ನೋಡಿದ ಮೇಲೆ ನಮ್ಮ ಹಾಸ್ಯಗಾರರು ಯಾವ ಪಕ್ಷದವರು ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ.

ಈಗ ಆ ಬಸ್ಸು ಇದೆ, ಅವರಿಲ್ಲ. ಮೊನ್ನೆ ಅದೇ ನಾಯಕರು ಓಟು ಕೇಳುತ್ತಾ ಬಸ್ ಸ್ಟ್ಯಾಂಡಿಗೆ ಬಂದರು. ಬೆಂಚಿನಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮೀನು ಮಾರುವ ಹೆಂಗಸು ಬುಟ್ಟಿ ಸರಿಸಿ, ಸೆರಗಿನಿಂದ ಬೆಂಚು ಒರೆಸಿ ಹೇಳಿದಳು:

"ಕೂತ್ಕೊಳ್ಳಿ, ಬಸ್ಸು ಬರುವವರೆಗೆ ಮಾತಾಡುವ."

ನಾಯಕರು ಮೊದಲು ವಾಚು ನೋಡಿಕೊಂಡರು, ಆಮೇಲೆ ಕೂತರು.