ದೀಪ ಹಚ್ಚಿದ ಮೇಲೆ ಹೋದ ಸೂಜಿ

ನಾನು ಅನುಮಾನದ ಪ್ರಾಣಿ. ಸ್ನಾನಕ್ಕೆ ನೀರು ಕಾದಿದೆ ಎಂದು ಹೆಂಡತಿ ಹೇಳಿದರೂ ಕೈ ಅದ್ದಿ ನೋಡಿಯೇ ಟವೆಲ್ ಎತ್ತಿಕೊಳ್ಳುವವನು. ಅದಕ್ಕೇ ಇರಬೇಕು, ಮೂರು ಊರಿನ ಕಂಪ್ಯೂಟರ್ ಲೆಕ್ಕವನ್ನು ಒಂದು ಮಾಡುವ ಕೆಲಸವನ್ನು ನಮ್ಮ ಟ್ರಸ್ಟಿನವರು ನನ್ನ ತಲೆಗೇ ಕಟ್ಟಿದರು.

ಟ್ರಸ್ಟಿಗೆ ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಆಸ್ಪತ್ರೆಗಳಿವೆ, ಪ್ರತಿಯೊಂದಕ್ಕೂ ಔಷಧಿ ಸ್ಟೋರಿದೆ. ಕೌದಳ್ಳಿಯಂಥ ಊರುಗಳ ಸಣ್ಣ ಕ್ಲಿನಿಕ್ಕುಗಳಿಗೂ ಬಿಳಿಗಿರಿರಂಗನ ಬೆಟ್ಟದಲ್ಲಿ ಪೋಡು ಎನ್ನುವ ಕಾಡಿನ ಹಾಡಿಗಳಿಗೂ ಔಷಧಿ ಹೋಗುವುದು ಈ ಸ್ಟೋರುಗಳಿಂದಲೇ. ಒಂದೊಂದು ಊರಿನಲ್ಲೂ ಒಂದೊಂದು ಕಾಲದಲ್ಲಿ ಯಾರು ಯಾರೋ ಹಾಕಿಕೊಟ್ಟ ಸಾಫ್ಟ್‌ವೇರ್. ಒಂದಕ್ಕೊಂದು ಮಾತಿಲ್ಲ, ಒಂದೇ ಮನೆಯಲ್ಲಿ ಮುನಿಸಿಕೊಂಡ ಓರಗಿತ್ತಿಯರ ಹಾಗೆ.

"ಮೂರನ್ನೂ ಜೋಡಿಸೋಕೆ ಒಂದು ಯೋಜನೆ ಬರೆದುಕೊಡಿ. ಯಾವುದು ಇರಬೇಕು, ಯಾವುದು ಹೋಗಬೇಕು, ಎಲ್ಲಾ ಬರಲಿ" ಎಂದರು ನಮ್ಮ ನಿರ್ದೇಶಕರು. 'ಹೋಗಬೇಕು' ಅನ್ನುವುದನ್ನು ಸ್ವಲ್ಪ ಒತ್ತಿ ಹೇಳಿದಂತೆ ನನಗೆ ಕೇಳಿಸಿತು.

ಮೊದಲಿಗೆ ಹನೂರಿನಿಂದ ಹೊರಟ ಔಷಧಿಯನ್ನೂ ಕೌದಳ್ಳಿಗೆ ಬಂದ ಔಷಧಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಕೌದಳ್ಳಿಗೆ ಇನ್ಸುಲಿನ್, ಸಿರಿಂಜು ಎಲ್ಲ ಸಂಜೆಯೇ ಬಂದು ಸೇರಿವೆ. ಹನೂರಿನಿಂದ ಅವು ಹೊರಟಿರುವುದು ಮಾರನೆಯ ಬೆಳಿಗ್ಗೆ! ಹೊರಡುವ ಮೊದಲೇ ತಲುಪುವ ಸರಕನ್ನು ನಾನು ಎಲ್ಲಿಯೂ ಕಂಡವನಲ್ಲ. ನಡುವೆ ಯಾರೋ ಕೈಯಾಡಿಸುತ್ತಿದ್ದಾರೆ ಎಂದುಕೊಂಡೆ.

ನಿರ್ದೇಶಕರಿಗೆ ತೋರಿಸಿದೆ. ಅವರು ಪೂರ್ತಿ ನೋಡಲೂ ಇಲ್ಲ. "ಹಾಗಾದ್ರೆ ಹನೂರು ಸ್ಟೋರ್ ಮುಚ್ಚಿಬಿಡೋಣ. ಎಲ್ಲಾ ಕೊಳ್ಳೇಗಾಲದಿಂದಲೇ ಹೋಗಲಿ. ಆ ಸ್ಟೋರಿನಮ್ಮನಿಗೂ ವಯಸ್ಸಾಯ್ತು" ಎಂದವರೇ ನನ್ನ ಯೋಜನೆಯ ಕರಡಿನ ಅಂಚಿನಲ್ಲಿ 'ಹನೂರು ಬೇಡ' ಎಂದು ಪೆನ್ಸಿಲ್ಲಿನಲ್ಲಿ ಗೀಚಿದರು. ಇಷ್ಟು ಬೇಗ ಯಾಕೆ? ಮೊದಲೇ ತೀರ್ಮಾನ ಮಾಡಿಕೊಂಡು ನನ್ನಿಂದ ಬರೆಸುತ್ತಿದ್ದಾರೆಯೇ? ಈಗ ನನ್ನ ಅನುಮಾನ ಎರಡೂ ಕಡೆಗೆ ತಿರುಗಿತು.

ಹೇಳದೆ ಕೇಳದೆ ಹನೂರಿಗೆ ಹೋದೆ. ಸ್ಟೋರಿನಮ್ಮ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಏನ್ ಸಾ, ಕಳ್ರ ಇಡಿಯಕ್ ಬಂದ್ರಾ?" ಎಂದರು.

"ಸುಮ್ನೆ ಬಂದೆ ಕಣಮ್ಮ."

"ಸುಮ್ಸುಮ್ನೆ ಯಾರ್ ಬಂದಾರು ಸಾ ಇಲ್ಗೆ? ಕೂತ್ಕಳಿ, ನೋಡಿ."

ಕೂತೆ. ಕತ್ತಲಾಗುತ್ತಾ ಬಂತು. ಆಕೆ ಕೈಕಾಲು ತೊಳೆದು, ಬೀರುವಿನ ಮೇಲಿದ್ದ ಮಾದಪ್ಪನ ಪಟಕ್ಕೆ ದೀಪ ಹಚ್ಚಿದರು. ಹಳ್ಳಿಗಳನ್ನೆಲ್ಲ ಸುತ್ತಿ ಮುಗಿಸಿದ ಕೌದಳ್ಳಿಯ ಜೀಪು ಆಮೇಲೆ ಬಂತು. ಆಕೆ ಔಷಧಿ ಡಬ್ಬ ಎಣಿಸಿ ಕೊಟ್ಟರು, ಜೀಪು ಹೋಯಿತು. ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ. ಕೀಬೋರ್ಡಿಗೆ ಬಟ್ಟೆ ಮುಚ್ಚಿದರು.

"ಯಾಕಮ್ಮ, ಹೊರಗೆ ಹೋದದ್ದು ಬರೆಯೋದಿಲ್ವಾ?" ಎಂದು ಹಿಡಿದುಕೊಂಡೆ.

"ದೀಪ ಅಚ್ಚಿದ್ ಮ್ಯಾಲೆ ಸೂಜಿ ಒರಕ್ ಕೊಟ್ಟೆ ಅಂತ ನನ್ ಕೈಯ್ಯಾರೆ ಬರೀಲಾ? ನೀವ್ ಬರೀತೀರಾ?"

"ಕೊಟ್ಟದ್ದು ನಿಜ ತಾನೇ?"

"ಕೊಡ್ದೆ? ಸಕ್ರೆ ಕಾಯ್ಲೆಯವ್ರು ಅಲ್ಲಿ ಕಾಯ್ತಾ ಕೂತವ್ರೆ. ಔಸ್ದಿ ನಿಲ್ಸಕಾಯ್ತದಾ? ಓಗದು ಓಯ್ತದೆ. ಬರಿಯದು ಬೆಳಿಗ್ಗೆ. ಬರುದ್ರೆ ತಾನೆ ಸಾ ಕೊಟ್ಟಂಗೆ!"

ನಮ್ಮ ಮನೆಯಲ್ಲೂ ದೀಪ ಹಚ್ಚಿದ ಮೇಲೆ ಪಕ್ಕದ ಮನೆಗೆ ಉಪ್ಪು, ಮೊಸರು, ಸೂಜಿ ಕೊಡುವುದಿಲ್ಲ. ಆದರೂ ಒಂದು ಮಾತಿಗೆ ನಂಬುವ ಜಾತಿಯಲ್ಲ ನಾನು. ಕೌದಳ್ಳಿಗೆ ಹೋಗಿ ಡಬ್ಬ ತೆಗೆಸಿ ಎಣಿಸಿದೆ. ಎಲ್ಲ ಸರಿಯಿತ್ತು. ಹಳೆಯದನ್ನೂ ಕೆದಕಿದೆ, ಅದೂ ಸರಿಯಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ನಿರಾಸೆಯೇ ಆಯಿತು.

ಯಳಂದೂರಿಗೆ ಹೋದರೆ ಅಲ್ಲಿಯದು ಇನ್ನೊಂದು ತಮಾಷೆ. ಅಲ್ಲಿನ ಸ್ಟೋರಿನವರು ಸಂಜೆ ಔಷಧಿ ಕೊಟ್ಟಾಗಲೆಲ್ಲ ಒಂದು ಹತ್ತಿಯ ಕಟ್ಟು 'ವಾಪಸ್ ಬಂತು' ಎಂದು ಹಾಕಿಕೊಳ್ಳುತ್ತಿದ್ದರು. ಬದಲಿಗೆ ಏನಾದರೂ ಪಡೆದರೆ ಕೊಟ್ಟದ್ದು ಬರೀ ಕೊಟ್ಟದ್ದಾಗುವುದಿಲ್ಲವಂತೆ. ಅದೇ ಹತ್ತಿ ಪಾಪ, ಜೀಪಿನಲ್ಲಿ ಬೆಟ್ಟಕ್ಕೂ ಯಳಂದೂರಿಗೂ ಓಡಾಡುತ್ತಿತ್ತು. ಕೊಳ್ಳೇಗಾಲದ ಲೆಕ್ಕ ಮಾತ್ರ ಸ್ವಚ್ಛ. ಅಲ್ಲಿ ಸಂಜೆಗೆ ಮೊದಲೇ ಬಾಗಿಲು ಹಾಕುತ್ತಾರೆ.

ಮೂರೂ ಊರಿಗೆ ಒಂದೇ ಎಂದು ಬರಲಿದ್ದ ಹೊಸ ಸಾಫ್ಟ್‌ವೇರಿನ ಕಂಪನಿಯವರ ನಿಯಮ ಕಟ್ಟುನಿಟ್ಟು: 'ಹೋಯಿತು' ಎಂದು ಒಬ್ಬರು ಬರೆಯದೆ 'ಬಂತು' ಎಂದು ಇನ್ನೊಬ್ಬರು ಬರೆಯುವಂತಿಲ್ಲ, ಬರೆಯದೆ ರೋಗಿಗೆ ಕೊಡುವಂತಿಲ್ಲ. ಹಾಗೇ ಬಿಟ್ಟರೆ ಕೌದಳ್ಳಿಯಲ್ಲಿ ಇನ್ಸುಲಿನ್ ಫ್ರಿಜ್ಜಿನಲ್ಲೇ ಇರುತ್ತದೆ, ರೋಗಿ ಬೆಳಗಿನ ತನಕ ಕಾಯಬೇಕು. ತಪ್ಪು ಸ್ಟೋರಿನಮ್ಮನ ಮೇಲೆ ಬರುತ್ತದೆ, ಸ್ಟೋರಿಗೆ ಬೀಗ ಬೀಳುತ್ತದೆ. ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತಿತ್ತು. ಯೋಜನೆಯಲ್ಲಿ ನಿಯಮವನ್ನು ತಿರುಗಿಸಿ ಬರೆದೆ. ಸಂಜೆಯ ಮೇಲೆ ಕೊಟ್ಟವರು ಬರೆಯಬೇಕಾಗಿಲ್ಲ. ಪಡೆದವರು 'ಬಂತು' ಎಂದು ಒತ್ತಿದರೆ ಸಾಕು, ಹನೂರಿನ ಲೆಕ್ಕದಿಂದ ತಾನಾಗಿಯೇ ಕಳೆಯಬೇಕು. ಹನೂರು ಸ್ಟೋರು ಇರಬೇಕು ಎಂದು ಕೊನೆಯಲ್ಲಿ ಸೇರಿಸಿದೆ.

ನಿರ್ದೇಶಕರು ಓದಿ ನಕ್ಕರು. "ಅಜ್ಜಿ ಕಾಲದ ಮೂಢನಂಬಿಕೆಗೆಲ್ಲ ಸಾಫ್ಟ್‌ವೇರ್ ಬಗ್ಗಿಸೋದೇನ್ರಿ? ಸ್ಟೋರ್ ಮುಚ್ಚಿದ್ರೆ ಮುಗೀತಲ್ಲ. ಯೋಚನೆ ಮಾಡ್ತೀನಿ, ನಾಳೆ ಸಂಜೆ ಮನೆ ಹತ್ರ ಬನ್ನಿ, ಸೈನ್ ಹಾಕಿರ್ತೀನಿ." ಯಾವುದಕ್ಕೆ ಸೈನ್ ಎಂದು ಹೇಳಲಿಲ್ಲ. ಫೈಲಿನ ಮೊದಲ ಹಾಳೆ ನನ್ನ ಹಳೆಯ ಕರಡೇ. ಅದರ ಅಂಚಿನಲ್ಲಿ 'ಹನೂರು ಬೇಡ' ಇನ್ನೂ ಇತ್ತು.

ಮಾರನೆಯ ದಿನ ಬಸ್ಸು ತಡವಾಗಿ, ಅವರ ಮನೆ ಮುಟ್ಟುವ ಹೊತ್ತಿಗೆ ಬೀದಿದೀಪ ಹತ್ತಿತ್ತು. ಒಳಗೆ ಅವರ ಹೆಂಡತಿ ದೇವರಿಗೆ ದೀಪ ಹಚ್ಚಿ ಈಚೆ ಬರುತ್ತಿದ್ದರು. ಫೈಲು ಮೇಜಿನ ಮೇಲೇ ಇತ್ತು. ನಾನು ಕೈ ಚಾಚಿದೆ. ನಿರ್ದೇಶಕರು ಫೈಲು ಎತ್ತಿದರು, ಒಳಗಿನ ದೀಪದ ಕಡೆ ನೋಡಿದರು, ಮತ್ತೆ ಮೇಜಿನ ಮೇಲೆ ಇಟ್ಟರು.

"ದೀಪ ಹಚ್ಚಿಯಾಯ್ತಲ್ಲ. ಬೆಳಿಗ್ಗೆ ಆಫೀಸಲ್ಲಿ ಕೊಡ್ತೀನಿ" ಎಂದರು.

ಚಾಚಿದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಇದು ಸೂಜಿಯಲ್ಲ ಸರ್, ಬರೀ ಕಾಗದ" ಎಂದೆ. ಅವರು ನನ್ನ ಮುಖ ನೋಡಿದರು. ತಾವು ಏನು ಹೇಳಿದೆವೆಂದು ಆಗ ಹೊಳೆದಿರಬೇಕು, ಕಿವಿ ಕೆಂಪಾಯಿತು. "ಕಾಫಿ ಕುಡೀತೀರಾ?" ಎಂದರು.

ಕುಡಿದು ಬಂದೆ. ನಿದ್ದೆ ಹತ್ತಲಿಲ್ಲ. ಬೆಳಗಾಗುವುದರೊಳಗೆ ಹಾಳೆ ಬದಲಾದರೆ ಎಂಬ ಅನುಮಾನ.

ಬೆಳಿಗ್ಗೆ ಫೈಲು ಕೈಗೆ ಬಂತು. ಕೊನೆಯಲ್ಲಿ ನಾನು ಸೇರಿಸಿದ್ದ ಸಾಲಿನ ಕೆಳಗೆ ಸೈನ್ ಇತ್ತು. ಮೊದಲ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪೆನ್ಸಿಲ್ ಗೀಚನ್ನು ಕಾಗದ ಸವೆಯುವ ಹಾಗೆ ಉಜ್ಜಿ ಅಳಿಸಿದ್ದರು.

ಹನೂರಿಗೆ ಫೋನ್ ಮಾಡಿ, ಸ್ಟೋರು ಉಳಿಯಿತು ಕಣಮ್ಮ ಎಂದೆ.

"ಕಾಗ್ದ ಯಾವಾಗ್ ಕೊಟ್ರು ಸಾ? ಬೆಳಿಗ್ಗೆನಾ, ರಾತ್ರಿನಾ?"

"ಬೆಳಿಗ್ಗೆ."

"ಅಂಗಾರೆ ನಂಬ್ತೀನಿ" ಎಂದರು.