ಹಲಗೆ ತಿಪ್ಪೇಶಪ್ಪ ಸೇರಿಸಿದ ಮಾತು

ತಿಪ್ಪೇಶಪ್ಪನ ಮುತ್ತಜ್ಜ ಮಾರಪ್ಪ ಹಲಗೆ ಬಡಿದರೆ ಜಗಳೂರು ಸೀಮೆಯ ಹಳ್ಳಿ ಹಳ್ಳಿಗೂ ಕೇಳುತ್ತಿತ್ತಂತೆ. ಪ್ಲೇಗು ಬಂದಾಗ ಊರು ಬಿಡಿಸಿ ಜೀವ ಉಳಿಸಿದ್ದು ಅವನ ಹಲಗೆ. ಅಜ್ಜ ದುರುಗಪ್ಪ, ಕೆರೆ ಏರಿ ಬಿರಿದಾಗ ಇಡೀ ಊರಿನ ಕೈಯಲ್ಲಿ ಮಣ್ಣು ಹೊರಿಸಿದವನು. ಅಪ್ಪನ ಕಾಲಕ್ಕೆ ಮಾತ್ರ ಗೌಡರ ಅಪ್ಪಣೆಗಳೇ ಹೆಚ್ಚಾದವು. ಪ್ರತಿ ಡಂಗುರದ ತುದಿಗೂ ಒಂದು ಬಾಲ: "ಮೀರಿದವರ ಮನೆಗೆ ನೀರಿಲ್ಲ, ಬೆಂಕಿಯಿಲ್ಲ!" ತಿಪ್ಪೇಶಪ್ಪನಿಗೆ ತನ್ನ ಹೆಸರು ಬರೆಯಲು ಬರುವ ಮೊದಲೇ ಆ ಬಾಲ ಬಾಯಿಗೆ ಬಂದಿತ್ತು.

ಹಿಂದಿನ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಕೇರಿಯ ಸೀಟು ಹೆಂಗಸರಿಗೆ ಬಂತು. ತಿಪ್ಪೇಶಪ್ಪನ ಅಕ್ಕನ ಮಗಳು, ಕೂಲಿಯ ಮೂಕಮ್ಮ, ಧೈರ್ಯ ಮಾಡಿ ಅರ್ಜಿ ಹಾಕಿದಳು. ರುದ್ರಮುನಿ ಗೌಡರಿಗೋ ತಮ್ಮ ದನದ ಹಟ್ಟಿ ಬಳಿಯುವ, ಅದೇ ಕೇರಿಯ ಅಜ್ಜಮ್ಮ ಅವಿರೋಧವಾಗಿ ಬರಲೆಂಬ ಆಸೆ.

"ಊರಿನವರು ಅಜ್ಜಮ್ಮನ್ನ ಒಪ್ಪೀವಿ ಅಂತ ಸಾರು. ಅಷ್ಟೇ" ಎಂದು ತಿಪ್ಪೇಶಪ್ಪನಿಗೆ ಹೇಳಿದರು.

ಅವನು ಅಷ್ಟನ್ನೇ ಸಾರಿದ. ಆದರೆ ಕೊನೆಯ ಪೆಟ್ಟು ಬಿದ್ದದ್ದೇ ತಡ, ಹಳೆಯ ಬಾಲವೂ ತಾನಾಗಿಯೇ ಹೊರಬಿತ್ತು. ಆಡಿದ ಮೇಲೆ ತಾನೇ ಬೆಚ್ಚಿದ. ಹಲಗೆಯ ಪೆಟ್ಟು ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿಯಿಲ್ಲ. ಮಾರನೆಯ ದಿನ ಮೂಕಮ್ಮ ಅರ್ಜಿ ವಾಪಸ್ಸು ತೆಗೆದಳು.

ಗೌಡರು ಹೊಟ್ಟೆ ಹಿಡಿದು ನಕ್ಕರು. "ನೀರು ಬೆಂಕಿ ಅಂತ ನಾನೆಲ್ಲಿ ಅಂದೆನೋ? ಈಗ ಹಂಗೆಲ್ಲ ಅಂದ್ರೆ ಕೇಸು ಆಗ್ತೈತೆ. ನನಗಿಂತ ನೀನೇ ದೊಡ್ಡ ಗೌಡ ಬಿಡಪ್ಪ!"

ಆ ನಗು ಚೇಳು ಕುಟುಕಿದಂತೆ ಏರಿತು. ಮೂಕಮ್ಮನ ಬಾಗಿಲಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಕೇರಿಗೆಲ್ಲ ನೀರು ನಿಲ್ಲಿಸ್ತಾರೆ ಅಂತ ಹೆದರಿದೆ ಮಾವ," ಎಂದಳು. "ಗೌಡ ಅಂದಿದ್ರೆ ಸಿಟ್ಟು ಮಾಡ್ಕೊಂತಿದ್ದೆ. ನಿನ್ನ ಮ್ಯಾಲೆ ಏನು ಮಾಡ್ಕೊಳ್ಲಿ?"

ಅವತ್ತು ಗೂಟಕ್ಕೆ ನೇತುಬಿದ್ದ ಹಲಗೆಯನ್ನು ಅವನು ಬಹಳ ಕಾಲ ಮುಟ್ಟಲಿಲ್ಲ. ಕೇರಿಯ ನಲ್ಲಿ ಕಟ್ಟಿ ನೀರು ನಿಂತಿತು, ಕೇಳುವವರಿಲ್ಲ. ಮೆಂಬರಾದ ಅಜ್ಜಮ್ಮ ಎಲ್ಲದಕ್ಕೂ ಗೌಡರ ಮುಖ ನೋಡುತ್ತಿದ್ದಳು. ಕೊಡ ಹೊತ್ತ ಹೆಂಗಸರು ಎದುರು ಬಂದರೆ ತಿಪ್ಪೇಶಪ್ಪ ದಾರಿ ಬದಲಿಸುತ್ತಿದ್ದ. ಕಣ್ಣಿಗೂ ಪೊರೆ ಬಂತು.

ಐದು ವರ್ಷ ಕಳೆದು ಮೂಕಮ್ಮ ಮತ್ತೆ ನಿಂತಾಗ ಅವನು ಹಲಗೆ ಇಳಿಸಿ, ಬೆಂಕಿಗೆ ಕಾಯಿಸಿ, ಯಾರೂ ಹೇಳದೆಯೇ ಬೀದಿಗೆ ಬಂದ. "ಅವತ್ತಿನ ನೀರು ಬೆಂಕಿ ಮಾತು ಯಾರದ್ದೂ ಅಲ್ಲ, ನಂದು! ಈ ಸಲ ಯಾರು ಬೇಕೋ ಅವರಿಗೆ ಮುದ್ರೆ ಒತ್ರಿ!"

"ಬಾಲ ಎಲ್ಲೋ ತಿಪ್ಪೇಶಣ್ಣ?" ಎಂದು ಕಟ್ಟೆಯ ಮೇಲಿಂದ ಯಾರೋ ಕೆಣಕಿದರು.

"ಕಡಿದೀನಿ!"

ಓಟಿನ ದಿನ ಶಾಲೆಯ ಮೆಟ್ಟಿಲಲ್ಲಿ ಮೂಕಮ್ಮನ ಮಗಳು ಸಂಘಮಿತ್ರಾ ಅವನ ಕೈ ಹಿಡಿದಳು. "ಅಜ್ಜ, ಕಣ್ಣು ಕಾಣದವರ ಜೊತೆ ಒಬ್ಬರನ್ನ ಬಿಡ್ತಾರೆ. ನಾನು ಬರ್ತೀನಿ. ಮುದ್ರೆ ಅತ್ತಿತ್ತ ಬಿದ್ರೆ ಅವ್ವಂದು ಒಂದು ಓಟು ಹೋಗ್ತೈತೆ."

ಹಿಂದೆಲ್ಲ ಗೌಡರ ಆಳು ಹೀಗೇ ಕೇರಿಯ ಮುದುಕರ ಕೈ ಹಿಡಿದು ಒಳಗೆ ಬಂದು, ತಾನೇ ಮುದ್ರೆ ಒತ್ತುತ್ತಿದ್ದ. ತಿಪ್ಪೇಶಪ್ಪ ಮೆಲ್ಲಗೆ ಕೈ ಬಿಡಿಸಿಕೊಂಡ.

"ಬ್ಯಾಡವ್ವ. ನನ್ನ ಬಾಯಾಗೆ ಬ್ಯಾರೆಯವರು ಕುಂತಿದ್ದು ಸಾಕು, ಬೆರಳಾಗೂ ಯಾರೂ ಕುಂದ್ರೋದು ಬ್ಯಾಡ, ನೀನೂ ಬ್ಯಾಡ. ತಪ್ಪು ಬಿದ್ರೆ ಅದೂ ನಂದೇ. ಬಿಡು, ಒಬ್ಬನೇ ಹೋಗ್ತೀನಿ."